ಹೊಸಿಲು ದಾಟಿ ಬಂದ ಜೀವಗಳು

ತ್ಯಾಗರಾಜನಗರದ ಸುತ್ತಲಿನ ಊರುಗಳ ಹೆಸರನ್ನು ಒಮ್ಮೆ ಮನಸ್ಸಿಟ್ಟು ಕೇಳಬೇಕು. ನಾಗಸಂದ್ರ, ಯಡಿಯೂರು, ಕರಿಸಂದ್ರ, ಸ್ವಲ್ಪ ಆಚೆಗೆ ಹೊಸಕೆರೆಹಳ್ಳಿ. ‘ಸಂದ್ರ’ ಎಂಬುದು ‘ಸಮುದ್ರ’ವೆಂಬ ಮಾತಿನ ಸವೆದ ರೂಪ, ನಮ್ಮ ಹಿರಿಯರು ತಮ್ಮ ಕೆರೆಗಳನ್ನು ಸಮುದ್ರವೆಂದು ಕರೆದು ಸಂತೋಷಪಡುತ್ತಿದ್ದವರು. ನಾಗಸಂದ್ರದ ನಾಗ ಹೆಡೆಯೆತ್ತುವ ನಾಗನಿರಲಿ, ಊರಿನ ಒಬ್ಬ ನಾಗಪ್ಪನಿರಲಿ, ಕೆರೆಯಂತೂ ನಿಜ. ಕೆರೆಯಿದ್ದಲ್ಲಿ ಗದ್ದೆ, ಗದ್ದೆಯಿದ್ದಲ್ಲಿ ಕಪ್ಪೆ ಮತ್ತು ಇಲಿ, ಅವೆರಡೂ ಇದ್ದಲ್ಲಿ ಹಾವು. ಯಡಿಯೂರು ಕೆರೆ ಇಂದಿಗೂ ಹೇಗೋ ಉಳಿದುಕೊಂಡಿದೆ. ಬಸವನಗುಡಿಯ ಕಾರಂಜಿ ಕೆರೆಯ ಹೆಸರನ್ನು ಈಗ ಹೊತ್ತುಕೊಂಡಿರುವವನು ಕಾರಂಜಿ ಆಂಜನೇಯನೊಬ್ಬನೇ.

ಪ್ರಾಣಿಗಳು ನಮ್ಮ ಮನೆಗೆ ಬಂದಿಲ್ಲ, ನಾವೇ ಅವುಗಳ ಮನೆಗೆ ಹೋದೆವು ಎಂಬ ಮಾತು ಈಚೆಗೆ ಸಭೆಗಳಲ್ಲಿ ಬಹಳ ಚಲಾವಣೆಯಲ್ಲಿದೆ. ಕೇಳಲು ಇಂಪಾದ ಮಾತು. ಆದರೆ ಅರ್ಧ ಮಾತ್ರ ಸತ್ಯ. ಕೆರೆಯನ್ನು ಮುಚ್ಚಿದವರು ನಾವು, ಸರಿ. ಆದರೆ ಕೇರೆಹಾವು ಹಿತ್ತಿಲಿಗೆ ಬರುವುದು ತನ್ನ ಕಳೆದುಹೋದ ಕೆರೆಯನ್ನು ಹುಡುಕಿಕೊಂಡಲ್ಲ, ನಮ್ಮ ಉಗ್ರಾಣದ ಇಲಿಯನ್ನು ಹುಡುಕಿಕೊಂಡು. ತೋಳದ ಹಾವು ಗೋಡೆ ಹತ್ತುವುದು ದೀಪದ ಬುಡದಲ್ಲಿ ಕಾದಿರುವ ಹಲ್ಲಿಗಾಗಿ. ಮನೆಯೆಂಬುದು ಮನುಷ್ಯನೊಬ್ಬನಿಗೇ ಸೇರಿದ ಜಾಗವಾಗಿ ಎಂದೂ ಇದ್ದಿಲ್ಲ. ಅದರಲ್ಲಿ ಯಾರಿಗೆ ಎಷ್ಟು ಪಾಲು ಎಂಬುದರ ಜಗಳಕ್ಕೆ ಒಂದು ಚರಿತ್ರೆಯಿದೆ. ಅದರ ಕೆಲವು ಪುಟಗಳನ್ನು ಮಾತ್ರ ಇಂದು ಕೇಳುಗರ ಮುಂದೆ ತೆರೆಯುತ್ತೇನೆ.

ಮೊದಲು ಇಲಿಯ ಮಾತು. ನಮ್ಮ ಬಡಾವಣೆಗಳ ಚರಿತ್ರೆಯಲ್ಲಿ ದಿವಾನರಿಗೆ, ಎಂಜಿನಿಯರುಗಳಿಗೆ ಸ್ಥಾನವಿದೆ, ಇಲಿಗೆ ಇಲ್ಲ. ಇರಬೇಕಾಗಿತ್ತು. 1896ರಲ್ಲಿ ಮುಂಬಯಿಗೆ ಬಂದಿಳಿದ ಪ್ಲೇಗು ರೈಲುದಾರಿ ಹಿಡಿದು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಮುಟ್ಟಿತು. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ, ಗಾಳಿ ಬೆಳಕುಗಳಿಲ್ಲದ ಕೋಣೆಗಳಲ್ಲಿ ಮೊದಲು ಇಲಿಗಳು ಬಿದ್ದು ಸತ್ತವು, ಆಮೇಲೆ ಮನುಷ್ಯರು. ಜನ ಮನೆಗಳಿಗೆ ಬೀಗ ಹಾಕಿ ಬಯಲಿನ ಗುಡಿಸಲುಗಳಿಗೆ ಓಡಿದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದ ಕೊನೆಯ ವರ್ಷಗಳವು. ಪೇಟೆಯ ಹೊರಗೆ ಒಂದು ದಿಕ್ಕಿನಲ್ಲಿ ಮಲ್ಲೇಶ್ವರ, ಇನ್ನೊಂದು ದಿಕ್ಕಿನಲ್ಲಿ ಬಸವನಗುಡಿ ಹುಟ್ಟಿಕೊಂಡದ್ದು ಈ ಭಯದಿಂದ. ಅಗಲವಾದ ಬೀದಿ, ಮನೆಯ ಸುತ್ತ ಖಾಲಿ ಜಾಗ, ಹಿಂಬದಿಯಲ್ಲಿ ಜಾಡಮಾಲಿಗಳು ನಡೆದಾಡುವ ಸಂದಿ, ಇವೆಲ್ಲ ಸೌಂದರ್ಯದೃಷ್ಟಿಯಿಂದ ಮಾತ್ರ ಬಂದವಲ್ಲ. ಇಲಿ ಮನೆಗೆ ಬಂದದ್ದರಿಂದ ಒಂದು ಊರು ಜಾಗ ಬದಲಾಯಿಸಿತು. ಆ ಬಸವನಗುಡಿಯ ಬೆನ್ನಿಗೆ ಬೆಳೆದ ವಸತಿಗಳಲ್ಲಿ ನಮ್ಮ ತ್ಯಾಗರಾಜನಗರವೂ ಒಂದು.

ಇಲ್ಲಿ ಒಂದು ವಿಚಿತ್ರ ಸಂಗತಿಯನ್ನು ಗಮನಿಸಬೇಕು. ಬೆಂಗಳೂರಿಗೆ ಪ್ಲೇಗು ಬರುವುದಕ್ಕೆ ಎರಡು ತಿಂಗಳು ಮೊದಲು, ಅದೇ 1898ರ ಜೂನಿನಲ್ಲಿ, ಕರಾಚಿಯಲ್ಲಿ ಪಾಲ್-ಲೂಯಿ ಸಿಮಾಂ ಎಂಬ ಫ್ರೆಂಚ್ ವೈದ್ಯ ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ದಾಟಿಸುತ್ತದೆಂದು ಕಂಡುಕೊಂಡಿದ್ದ. ಅವನ ಮಾತನ್ನು ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ವಿದ್ವತ್ಪ್ರಪಂಚ ಅದನ್ನು ಒಪ್ಪಲು ಮತ್ತೆ ಹತ್ತು ವರ್ಷಗಳೇ ಹಿಡಿದವು. ಮನೆಯೊಳಗೆ ಬಂದ ಪ್ರಾಣಿಯನ್ನು ಕುರಿತು ನಾವು ಭಯಪಟ್ಟಷ್ಟು ಬೇಗ ತಿಳಿದುಕೊಳ್ಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಹಾವಿನ ವಿಷಯದಲ್ಲಿಯೂ ಹೀಗೆಯೇ ಆಯಿತು. ಜೋಸೆಫ್ ಫೇರರ್ ಎಂಬ ಇಂಗ್ಲಿಷ್ ವೈದ್ಯ 1872ರಲ್ಲಿ ಭಾರತದ ವಿಷಸರ್ಪಗಳ ಮೇಲೆ ಒಂದು ಭಾರಿ ಚಿತ್ರಗ್ರಂಥವನ್ನು ಪ್ರಕಟಿಸಿದ. 1869ರ ಒಂದೇ ವರ್ಷದಲ್ಲಿ, ತನಗೆ ವರದಿ ದೊರೆತ ಪ್ರಾಂತಗಳಲ್ಲಿ 11,416 ಜನ ಹಾವು ಕಚ್ಚಿ ಸತ್ತರೆಂದು ಅವನು ಲೆಕ್ಕ ಹಾಕಿದ್ದ. ಸರ್ಕಾರಕ್ಕೆ ಹೊಳೆದ ಪರಿಹಾರ ಬಹುಮಾನ: ಹಾವನ್ನು ಕೊಂದು ತಂದವನಿಗೆ ಇಷ್ಟು, ಹುಲಿಯನ್ನು ಕೊಂದವನಿಗೆ ಇಷ್ಟು ಎಂದು. ನಮ್ಮ ಮೈಸೂರು ಸೀಮೆಯಲ್ಲಿಯೂ ಹುಲಿ ಚಿರತೆಗಳ ತಲೆಗೆ ಬೆಲೆ ಕಟ್ಟಲಾಗಿತ್ತು. ಈ ಲೆಕ್ಕಾಚಾರವನ್ನು ಪ್ರಶ್ನಿಸಿದವನು ಒಬ್ಬ ಬೇಟೆಗಾರನೇ ಎಂಬುದು ಸ್ವಾರಸ್ಯ. ಕಾಕನಕೋಟೆಯ ಖೆಡ್ಡಾದಿಂದ ಹೆಸರಾದ ಸ್ಯಾಂಡರ್ಸನ್, 1878ರಲ್ಲಿ ಹೊರಬಂದ ತನ್ನ ಗ್ರಂಥದಲ್ಲಿ, ಬೆಳೆ ತಿನ್ನುವ ಜಿಂಕೆ ಹಂದಿಗಳನ್ನು ಹದ್ದಿನಲ್ಲಿಡುವ ಹುಲಿಯನ್ನು ಸಿಕ್ಕ ಸಿಕ್ಕ ಉಪಾಯದಿಂದ ನಿರ್ಮೂಲ ಮಾಡುವುದು ತಪ್ಪೆಂದು ವಾದಿಸಿದ್ದಾನೆ. ತಾನು ಹೊಡೆದ ಹುಲಿಗಳ ಸಂಖ್ಯೆಯನ್ನೂ ಅವನು ಮರೆಮಾಚುವುದಿಲ್ಲ. ದಯೆ ಯಾವ ಬಾಗಿಲಿನಿಂದ ಒಳಗೆ ಬರುತ್ತದೆಂದು ಮೊದಲೇ ಹೇಳಲಾಗದು.

ನಮ್ಮ ಪರಂಪರೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲವೆ? ಇತ್ತು, ಒಂದಲ್ಲ ಎರಡು, ಒಂದಕ್ಕೊಂದು ವಿರುದ್ಧವಾಗಿ. ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸರು 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನ, ತಾಯಿ ತಂದೆಯರ ಮಾತಿಗೆ ವಿಧೇಯರಾಗಿರಬೇಕೆಂದು ಹೇಳುವ ಉಸಿರಿನಲ್ಲಿಯೇ ಪ್ರಾಣಿಗಳ ವಿಷಯದಲ್ಲಿ ದೃಢವಾದ ಕರುಣೆಯನ್ನೂ ಬೇಡುತ್ತದೆ. ಕನ್ನಡನಾಡಿನ ನೆಲದಲ್ಲಿ ದೊರೆತ ಅತಿ ಹಳೆಯ ಬರಹಗಳಲ್ಲಿಯೇ ಈ ಮಾತು ಇದೆಯೆಂಬುದು ಸಣ್ಣ ಸಂಗತಿಯಲ್ಲ. ಇನ್ನೊಂದು ಕಡೆ, ನಾಗರಕಲ್ಲಿಗೆ ಹಾಲೆರೆಯುವ ಕೈಯೇ ಜೀವಂತ ನಾಗರವನ್ನು ಕಂಡಾಗ ದೊಣ್ಣೆ ಹುಡುಕುತ್ತದೆಂಬುದನ್ನು ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಗಮನಿಸಿದ್ದರು. ಆ ವಚನ ನಿಮಗೆಲ್ಲ ಬಾಯಿಪಾಠವೇ. ತಮಿಳರು ನಾಗರಹಾವನ್ನು ‘ನಲ್ಲ ಪಾಂಬು’, ಒಳ್ಳೆಯ ಹಾವು, ಎಂದು ಕರೆಯುತ್ತಾರೆ. ಅದು ಪ್ರೀತಿಯೋ, ಭಯವೋ? ನನಗನ್ನಿಸುವಂತೆ ಭಯವೇ ಪ್ರೀತಿಯ ಮಾತಾಡಿದೆ. ನಾಗರವನ್ನು ಕೊಂದರೆ ದೋಷವೆಂದು ಕುಕ್ಕೆ ಸುಬ್ರಹ್ಮಣ್ಯದವರೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸುವವರುಂಟು. ಕೊಂದ ಮೇಲಿನ ವಿಧಿಗಳನ್ನು ನಾವು ವಿಸ್ತಾರವಾಗಿ ರೂಪಿಸಿಕೊಂಡೆವು. ಕೊಲ್ಲದೆ ಬಿಡುವುದು ಹೇಗೆಂಬ ವಿಧಿಯನ್ನು ಮಾತ್ರ ಹಾವಾಡಿಗನಿಗೆ ಒಪ್ಪಿಸಿ ಸುಮ್ಮನಾದೆವು.

ಹಾವಾಡಿಗ ಮಾಡುತ್ತಿದ್ದುದೇನು? ಕೊಲ್ಲುತ್ತಿರಲಿಲ್ಲ ನಿಜ. ಹಲ್ಲು ಕಿತ್ತು ಬುಟ್ಟಿಗೆ ಹಾಕಿಕೊಳ್ಳುತ್ತಿದ್ದ. ನಾಗರಪಂಚಮಿಯ ದಿನ ಅದರ ಬಾಯಿಗೆ ನಾವು ಹಾಲು ಸುರಿಯುತ್ತಿದ್ದೆವು. ಹಾಲು ಹಾವಿನ ಆಹಾರವೇ ಅಲ್ಲ. ಬಾಯಾರಿಕೆಯಿಂದ ಕುಡಿದರೂ ಅದಕ್ಕೆ ಜೀರ್ಣವಾಗದು. ಬುಟ್ಟಿಯ ಹಾವು ಕೆಲವು ವಾರಗಳಲ್ಲಿಯೇ ಸಾಯುತ್ತಿತ್ತು. ಪುಣ್ಯ ನಮ್ಮ ಪಾಲಿಗೆ, ಸಾವು ಹಾವಿನ ಪಾಲಿಗೆ. 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಪುಂಗಿಯ ಸದ್ದು ನಮ್ಮ ಬೀದಿಗಳಿಂದ ಮೆಲ್ಲಮೆಲ್ಲನೆ ಮರೆಯಾಯಿತು. ಆ ಕಾನೂನಿನ ಹೊಸ ತಿದ್ದುಪಡಿ 2023ರ ಏಪ್ರಿಲಿನಿಂದ ಜಾರಿಯಾದಾಗ ನಾಗರಹಾವು, ಕೊಳಕುಮಂಡಲ, ಕೇರೆಹಾವುಗಳು ಹುಲಿಯೊಡನೆ ಮೊದಲನೆಯ ಅನುಸೂಚಿಗೇ ಏರಿದವು. ಹಿತ್ತಿಲಿನ ಕೇರೆಯನ್ನು ಬಡಿಯುವವನು ಕಾನೂನಿನ ಕಣ್ಣಿಗೆ ಇಂದು ಸಾಮಾನ್ಯ ಅಪರಾಧಿಯಲ್ಲ.

ಹಾವಾಡಿಗನ ಜಾಗಕ್ಕೆ ಈಗ ದೂರವಾಣಿ ಬಂದಿದೆ. ಕೆಂಗೇರಿಯ ಬಳಿ 1996ರಿಂದ ಗಾಯಗೊಂಡ ಕಾಡುಪ್ರಾಣಿಗಳ ಚಿಕಿತ್ಸಾಲಯವೊಂದು ನಡೆಯುತ್ತಿದೆ. ಹಾವು ಹಿಡಿಯುವ ತರುಣರು ಬಡಾವಣೆಗೊಬ್ಬರಂತೆ ಇದ್ದಾರೆ. ಕೊಕ್ಕೆ, ಚೀಲ ಹಿಡಿದು ಬಂದು, ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ, ಹಾವನ್ನು ದೂರದ ಕಾಡಿಗೆ ಬಿಟ್ಟೆವೆಂದು ಹೇಳಿದಾಗ ಬೀದಿಯೆಲ್ಲ ನೆಮ್ಮದಿಯ ಉಸಿರು ಬಿಡುತ್ತದೆ. ನಾನೂ ಬಿಟ್ಟವನೇ. ಆದರೆ ಈ ನೆಮ್ಮದಿಯನ್ನು ಕೆದಕಿ ನೋಡಿದವರಿದ್ದಾರೆ. ಆಗುಂಬೆಯಲ್ಲಿ 2005ರಲ್ಲಿ ರೋಮುಲಸ್ ವಿಟೇಕರ್ ಸ್ಥಾಪಿಸಿದ ಸಂಶೋಧನಾ ಕೇಂದ್ರದವರು ಕಾಳಿಂಗಸರ್ಪಗಳಿಗೆ ಪುಟ್ಟ ರೇಡಿಯೋ ಉಪಕರಣ ಅಳವಡಿಸಿ ಅವುಗಳ ಹೆಜ್ಜೆ ಹಿಡಿದರು. (ಹಾವಿಗೆ ಹೆಜ್ಜೆಯೆಲ್ಲಿ ಎನ್ನಬೇಡಿ, ಮಾತು ಹಾಗೆ ಬಂತು.) ತನ್ನ ನೆಲದಲ್ಲಿಯೇ ಇದ್ದ ಹಾವು ಗೊತ್ತಾದ ಸೀಮೆಯೊಳಗೆ ಸಂಚರಿಸಿತು, ಬೇರೆಡೆಯಿಂದ ತಂದು ಬಿಟ್ಟ ಹಾವು ನೆಲೆ ಕಾಣದೆ ಬಹುದೂರ ಅಲೆಯಿತು. ಪ್ರತಿ ಹಾವಿಗೂ ತನ್ನ ಬಿಲ, ತನ್ನ ನೀರು, ತನ್ನ ಬೇಟೆಯ ಜಾಡು ಗೊತ್ತಿರುತ್ತದೆ. ಅದನ್ನು ಕಿತ್ತು ಗುರುತಿಲ್ಲದ ಕಾಡಿಗೆ ಎಸೆದರೆ ನಾವು ಬಿಡುಗಡೆ ಮಾಡಿದ್ದು ಹಾವನ್ನೋ, ನಮ್ಮ ಮನಸ್ಸನ್ನೋ?

ಚಿರತೆಯ ಕಥೆ ಇನ್ನೂ ಕಠಿಣ. ಮಹಾರಾಷ್ಟ್ರದ ಜುನ್ನರ್ ಸೀಮೆಯಲ್ಲಿ ಈ ಶತಮಾನದ ಆರಂಭದಲ್ಲಿ ಕಬ್ಬಿನ ಗದ್ದೆಗಳಿಂದ ಚಿರತೆಗಳನ್ನು ಹಿಡಿದು ದೂರದ ಕಾಡುಗಳಿಗೆ ಬಿಡುವ ಕಾರ್ಯ ದೊಡ್ಡದಾಗಿ ನಡೆಯಿತು. ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ, ಮನುಷ್ಯರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4 ಇದ್ದದ್ದು 17ಕ್ಕೆ ಏರಿತ್ತು. ಕರುಣೆಯಿಂದಲೇ ಮಾಡಿದ ಕೆಲಸ! ಬೆಂಗಳೂರಿನಲ್ಲಿಯೇ 2016ರ ಫೆಬ್ರವರಿ 7ರಂದು, ಭಾನುವಾರ, ಕುಂದಲಹಳ್ಳಿ ಕಡೆಯ ಒಂದು ಶಾಲೆಗೆ ಚಿರತೆ ನುಗ್ಗಿದ್ದನ್ನು ನೀವು ಮರೆತಿರಲಾರಿರಿ. ಅಂದು ಮಕ್ಕಳಿರಲಿಲ್ಲವೆಂಬುದು ದೈವಕೃಪೆ. ಹಿಡಿಯಲು ಹೋದವರಲ್ಲಿ ವನ್ಯಜೀವಿ ವಿಜ್ಞಾನಿಯೊಬ್ಬರೂ ಸೇರಿ ಹಲವರು ಗಾಯಗೊಂಡರು. ಅರಿವಳಿಕೆ ಕೊಟ್ಟು ಬನ್ನೇರುಘಟ್ಟಕ್ಕೆ ಸಾಗಿಸಿದ ಆ ಚಿರತೆ ಒಂದು ವಾರ ಕಳೆಯುವಷ್ಟರಲ್ಲಿ ಬೋನಿನಿಂದ ಪಾರಾಗಿ ಹೋಯಿತು. 2023ರ ನವೆಂಬರ್ ಮೊದಲ ದಿನ ಕೂಡ್ಲು ಕಡೆಯಲ್ಲಿ ಸಿಕ್ಕ ಇನ್ನೊಂದಕ್ಕೆ ಆ ಅದೃಷ್ಟವಿರಲಿಲ್ಲ. ಹಿಡಿಯುವ ಗಡಿಬಿಡಿಯಲ್ಲಿ ಗುಂಡೇಟಿಗೆ ಸತ್ತಿತು. ಎರಡು ಕಡೆಯೂ ಚಿರತೆಗಿಂತ ಹೆಚ್ಚಾಗಿ ಕೆಲಸ ಕೆಡಿಸಿದ್ದು ನೋಡಲು ನೆರೆದ ಜನಜಂಗುಳಿ ಎಂದು ನಾನು ನಂಬಿದ್ದೇನೆ. ಮೂಲೆಗೆ ಸಿಕ್ಕ ಪ್ರಾಣಿ ಬೇಡುವುದು ಕತ್ತಲೆ, ನಿಶ್ಶಬ್ದ, ತೆರೆದ ಒಂದು ದಾರಿ. ನಾವು ಕೊಡುವುದು ಬೆಳಕು, ಕೂಗಾಟ, ಸುತ್ತುಗೋಡೆಯಂತೆ ನಿಂತ ಕುತೂಹಲ.

ಕೋತಿಗಳ ಮಾತನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಹೇಳಲು ಮನಸ್ಸು ಹಿಂಜರಿಯುತ್ತದೆ. 2021ರ ಜುಲೈ ಕೊನೆಯಲ್ಲಿ ಹಾಸನ ಜಿಲ್ಲೆಯ ಒಂದು ರಸ್ತೆಯಂಚಿನಲ್ಲಿ ಗೋಣಿಚೀಲಗಳು ಬಿದ್ದಿದ್ದವು. ಬಿಚ್ಚಿದರೆ 38 ಸತ್ತ ಮಂಗಗಳು, ಕೆಲವಕ್ಕೆ ಇನ್ನೂ ಉಸಿರಾಡುತ್ತಿದ್ದವು. ರಾಜ್ಯದ ಉಚ್ಚ ನ್ಯಾಯಾಲಯ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಹನುಮಜ್ಜಯಂತಿಗೆ ಪಾನಕ ಹಂಚುವ ನಾಡಿದು.

ಹಾಗಾದರೆ ಮಾಡಬೇಕಾದ್ದೇನು? ಇತಿಹಾಸದ ಭಾಷಣದಲ್ಲಿ ಗೃಹಕೃತ್ಯದ ಮಾತೇಕೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಇತಿಹಾಸ ಕೊನೆಗೆ ತಲುಪುವುದು ಅಟ್ಟಕ್ಕೂ ಬಚ್ಚಲಿಗೂ ತಾನೆ. ನಮ್ಮ ಬೀದಿಯ ಹಳೆಯ ಹೆಂಚಿನ ಮನೆಯೊಂದರ ಅಟ್ಟದಲ್ಲಿ ಒಂದು ಮಳೆಗಾಲ ರಾತ್ರಿಯೆಲ್ಲ ಯಾರೋ ನಡೆದಾಡುವ ಸದ್ದು. ದೆವ್ವವೆಂದರು, ಕಳ್ಳನೆಂದರು. ಏಣಿ ಹಾಕಿ ನೋಡಿದರೆ ಮರಬೆಕ್ಕು, ಮಡಿಲಲ್ಲಿ ಮೂರು ಮರಿಗಳು. ಬೋನು ತರಿಸೋಣವೆಂಬ ಮಾತು ಎದ್ದಿತು. ತಾಯಿಯನ್ನು ಬೋನಿಗೆ ಹಾಕಿದರೆ ಮರಿಗಳು ಹಸಿದು ಸಾಯುತ್ತವೆ, ಅವುಗಳ ವಾಸನೆಯಲ್ಲಿ ನೀವು ಆ ಮನೆಯಲ್ಲಿ ಇರಲಾರಿರಿ, ಎಂದು ಆ ಮನೆಯ ಅಜ್ಜಿ ಹೇಳಿದರು. ಅವರ ಅಹಿಂಸೆಯಲ್ಲಿ ವ್ಯವಹಾರಜ್ಞಾನವೂ ಬೆರೆತಿತ್ತು. ಮರಿಗಳು ಬೆಳೆದು ತಾಯಿಯ ಹಿಂದೆ ಹೊರಗೆ ಹೋಗುವವರೆಗೆ ಕೆಲವು ವಾರ ಕಾದರು. ಆಮೇಲೆ ಒಂದು ರಾತ್ರಿ ಅಟ್ಟ ಬರಿದಾದುದನ್ನು ನೋಡಿಕೊಂಡು ಒಡೆದ ಹೆಂಚನ್ನು ಬದಲಾಯಿಸಿದರು. ಖರ್ಚು ಎರಡು ಹೆಂಚಿನದು.

ಹಾವಿಗೂ ಇದೇ ನ್ಯಾಯ ಬಹುಮಟ್ಟಿಗೆ ಸಲ್ಲುತ್ತದೆ. ಮಕ್ಕಳನ್ನು ಆಚೆ ಕಳಿಸಿ, ಒಳಮನೆಯ ಬಾಗಿಲು ಮುಚ್ಚಿ, ಹೊರಬಾಗಿಲು ತೆರೆದಿಟ್ಟು, ದೂರದಿಂದ ಕಣ್ಣಿಟ್ಟು ಕಾದರೆ ಹೆಚ್ಚಿನ ಹಾವುಗಳು ಬಂದ ದಾರಿಯಲ್ಲೇ ಹೋಗುತ್ತವೆ. ಹೋಗದಿದ್ದರೆ ತಿಳಿದವರನ್ನು ಕರೆಸಬೇಕು. ದೂರದ ಕಾಡಿಗೆ ಒಯ್ಯದೆ ಹತ್ತಿರದ ತಕ್ಕ ಜಾಗದಲ್ಲೇ ಬಿಡಿರೆಂದು ಕೇಳಿಕೊಳ್ಳಬೇಕು. ಬಚ್ಚಲ ತೂಬಿಗೆ ಜಾಲರಿ, ಬಾಗಿಲಡಿಯ ಸಂದಿಗೆ ಪಟ್ಟಿ, ಹಿತ್ತಿಲಿನ ಇಟ್ಟಿಗೆರಾಶಿಗೆ ಬೇರೆ ಜಾಗ, ಎಲ್ಲಕ್ಕಿಂತ ಮೊದಲು ಕಸಕ್ಕೆ ಮುಚ್ಚಳ. ಇಲಿ ಬಾರದಿದ್ದರೆ ಅದರ ಹಿಂದೆ ಬರುವುದೂ ಬಾರದು. 1898ರಲ್ಲಿಯೇ ಕಲಿಯಬೇಕಾಗಿದ್ದ ಪಾಠ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನು ಮರೆಮಾಚಿದರೆ ಅನ್ಯಾಯವಾದೀತು. ಹಾವಿನ ಮೇಲೆ ದಯೆ ತೋರುವುದು ಮಂಚದ ಮೇಲೆ ಮಲಗುವವರಿಗೆ ಸುಲಭ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಈ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ತಜ್ಞರು ಅಂದಾಜು ಮಾಡಿದ್ದಾರೆ. ಅವರಲ್ಲಿ ಬಹುಪಾಲು ಹಳ್ಳಿಗಾಡಿನ ಬಡವರು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವುಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ವಿಧಿಸಿದ್ದು ಒಳ್ಳೆಯ ಕೆಲಸ. ಆ ಕಡಿತಕ್ಕೆ ಮದ್ದಾದ ಪ್ರತಿವಿಷ ದೊರೆಯುವುದೂ ಜೀವಂತ ಹಾವಿನಿಂದಲೇ. ಮದರಾಸಿನ ಬಳಿ 1978ರಲ್ಲಿ ಆರಂಭವಾದ ಇರುಳರ ಸಹಕಾರ ಸಂಘದವರು ಹಾವು ಹಿಡಿದು, ಕೆಲವು ಸಲ ವಿಷ ತೆಗೆದು, ಮರಳಿ ಬಿಟ್ಟುಬಿಡುತ್ತಾರೆ.

ನಮ್ಮ ತ್ಯಾಗರಾಜನಗರದಲ್ಲಿಯೇ ಹಳೆಯ ಮನೆ ಕೆಡವಿ ಹೊಸದನ್ನು ಕಟ್ಟುವ ಕಡೆಯೆಲ್ಲ, ಮರಳು ಜಲ್ಲಿಗಳ ಪಕ್ಕದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಕಾವಲುಗಾರನ ಸಂಸಾರವೊಂದು ನೆಲದ ಮೇಲೆ ಮಲಗಿರುತ್ತದೆ. ಕಟ್ಟುಹಾವು ಸಂಚರಿಸುವುದು ರಾತ್ರಿ. ಮಲಗಿದವರ ಪಕ್ಕಕ್ಕೆ ಸರಿದು, ಅವರು ಮಗ್ಗುಲು ಬದಲಿಸಿದಾಗ ಕಚ್ಚುತ್ತದೆ. ನೋವೂ ಹೆಚ್ಚಿರುವುದಿಲ್ಲ, ಬೆಳಗಿನ ತನಕ ತಿಳಿಯುವುದೂ ಇಲ್ಲ. ಹಾಸಿಗೆಯ ಅಡಿಗೆ ಅಂಚು ಮಡಿಸಿ ಸಿಕ್ಕಿಸಿದ ಒಂದು ಸೊಳ್ಳೆಪರದೆ ಆ ಹಾವನ್ನು ಹೊರಗಿಡುತ್ತದೆ. ಹೊಸ ಮನೆಯ ಗೃಹಪ್ರವೇಶಕ್ಕೆ ಲಕ್ಷಗಟ್ಟಲೆ ಎತ್ತಿಡುವ ಯಜಮಾನರು ಪಾಯ ತೋಡುವ ದಿನವೇ ಆ ಶೆಡ್ಡಿಗೆ ಅಂಥ ಪರದೆಯೊಂದನ್ನು, ಜೊತೆಗೆ ಒಂದು ಹಗ್ಗದ ಮಂಚವನ್ನು ತಂದುಕೊಡಬಹುದು.