ಗುರಿ ತಪ್ಪಿದ ಎಡಗೈ: ರಿಕ್ ಆಂಕೀಲ್ ವೃತ್ತಿಜೀವನದ ಏಳುಬೀಳು

2000ದ ಅಕ್ಟೋಬರ್ 3ರಂದು ಸೇಂಟ್ ಲೂಯಿಸ್ ನಗರದಲ್ಲಿ ನಡೆದ ಪಂದ್ಯದ ಮೂರನೆಯ ಇನಿಂಗ್ಸ್ ಅಮೆರಿಕದ ಬೇಸ್‌ಬಾಲ್ ಚರಿತ್ರೆಯಲ್ಲಿ ಮತ್ತೆ ಮತ್ತೆ ಚರ್ಚೆಗೆ ಬಂದಿದೆ. ಕಾರ್ಡಿನಲ್ಸ್ ತಂಡದ ಪಿಚರ್ ರಿಕ್ ಆಂಕೀಲ್‌ಗೆ ಆಗ 21 ವರ್ಷ. ಅಟ್ಲಾಂಟಾ ಬ್ರೇವ್ಸ್ ವಿರುದ್ಧದ ಆ ನಾಕೌಟ್ ಸರಣಿಯ ಮೊದಲ ಪಂದ್ಯದಲ್ಲಿ ಅವರ ತಂಡ ಆರಂಭದಲ್ಲೇ ಆರು ರನ್ ಗಳಿಸಿ ಮುಂದಿತ್ತು. ಆದರೂ ಆಂಕೀಲ್ ಆ ಒಂದೇ ಇನಿಂಗ್ಸ್‌ನಲ್ಲಿ ಐದು ವೈಲ್ಡ್ ಪಿಚ್ ಎಸೆದರು. ಕ್ರಿಕೆಟ್ ಬಲ್ಲವರು ಇದನ್ನು ಕೀಪರನ ಕೈಗೂ ಸಿಗದೆ ಹಿಂದಕ್ಕೆ ಓಡುವ ವೈಡ್ ಎಂದುಕೊಳ್ಳಬಹುದು. 1890ರ ನಂತರ ಮೇಜರ್ ಲೀಗ್‌ನಲ್ಲಿ ಯಾರೂ ಒಂದೇ ಇನಿಂಗ್ಸ್‌ನಲ್ಲಿ ಇಷ್ಟು ವೈಲ್ಡ್ ಪಿಚ್ ಹಾಕಿರಲಿಲ್ಲ. ಪಂದ್ಯವನ್ನು ಕಾರ್ಡಿನಲ್ಸ್ 7-5ರಿಂದ ಗೆದ್ದಿತು. ಪಿಚರ್ ಆಂಕೀಲ್ ಮಾತ್ರ ಆ ಸಂಜೆಯ ನಂತರ ಮೊದಲಿನಂತಾಗಲೇ ಇಲ್ಲ.

ಈ ಕಥೆಯನ್ನು ಸಾಮಾನ್ಯವಾಗಿ ಛಲದಿಂದ ಗೆದ್ದವನ ಕಥೆಯೆಂದು ಹೇಳುತ್ತಾರೆ. ದಾಖಲೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಆ ಓದು ನಿಲ್ಲುವುದಿಲ್ಲ. ತನ್ನನ್ನು ಕಾಡಿದ್ದನ್ನು ಆಂಕೀಲ್ ಗೆಲ್ಲಲಿಲ್ಲ, ಅದು ಕಾಡುವ ಜಾಗವನ್ನೇ ಬಿಟ್ಟು ಹೊರಟರು. ಹಾಗೆ ಹೊರಡಲು ಬೇಕಾದ ವಯಸ್ಸು ಅವರ ಕಡೆಗಿತ್ತು. ಕೆಳ ಹಂತದ ಲೀಗುಗಳ ವ್ಯವಸ್ಥೆಯೂ ಅವರಿಗೆ ಅವಕಾಶ ಕೊಟ್ಟಿತು.

ಬಿದ್ದ ಎತ್ತರವನ್ನು ಮೊದಲು ಗಮನಿಸಬೇಕು. ಫ್ಲಾರಿಡಾದ ಫೋರ್ಟ್ ಪಿಯರ್ಸ್‌ನ ಈ ಹುಡುಗನನ್ನು 1997ರಲ್ಲಿ ಕಾರ್ಡಿನಲ್ಸ್ 25 ಲಕ್ಷ ಡಾಲರ್ ಕೊಟ್ಟು ಸೇರಿಸಿಕೊಂಡಿತ್ತು. 1999ರ ಆಗಸ್ಟ್‌ನಲ್ಲಿ, 20ನೆಯ ವಯಸ್ಸಿಗೆ, ಮೇಜರ್ ಲೀಗ್ ಪ್ರವೇಶವಾಯಿತು. ಮರುವರ್ಷ 175 ಇನಿಂಗ್ಸ್‌ಗಳಲ್ಲಿ 194 ಸ್ಟ್ರೈಕ್‌ಔಟ್ (ಪಿಚರ್ ತನ್ನ ಎಸೆತಗಳಿಂದಲೇ ಬ್ಯಾಟರನ್ನು ಔಟ್ ಮಾಡುವುದು), 11 ಗೆಲುವು. ವರ್ಷದ ಹೊಸ ಆಟಗಾರ ಪ್ರಶಸ್ತಿಯ ಮತದಾನದಲ್ಲಿ ಎರಡನೆಯ ಸ್ಥಾನ. ತೋಳಿನಲ್ಲಿ ನೋವಿರಲಿಲ್ಲ, ವೇಗ ಕುಗ್ಗಿರಲಿಲ್ಲ. ಪಿಚರ್ ನಿಲ್ಲುವ ದಿಬ್ಬದಿಂದ ಹೋಮ್ ಪ್ಲೇಟ್‌ಗೆ ಇರುವ 18.44 ಮೀಟರ್ ದೂರಕ್ಕೆ ಗುರಿಯಿಟ್ಟು ಎಸೆಯುವುದು ಮಾತ್ರ ಏಕಾಏಕಿ ಅಸಾಧ್ಯವಾಯಿತು.

ಇದಕ್ಕೆ ಪೂರ್ವನಿದರ್ಶನವಿತ್ತು. ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಸ್ಟೀವ್ ಬ್ಲಾಸ್ 1971ರ ವರ್ಲ್ಡ್ ಸೀರೀಸ್‌ನಲ್ಲಿ ಎರಡು ಪಂದ್ಯ ಗೆದ್ದುಕೊಟ್ಟವರು, 1972ರಲ್ಲಿ 19 ಪಂದ್ಯ ಗೆದ್ದವರು. 1973ರಲ್ಲಿ ಸುಮಾರು 89 ಇನಿಂಗ್ಸ್‌ಗಳಲ್ಲಿ 84 ಬ್ಯಾಟರ್‌ಗಳಿಗೆ ಪುಕ್ಕಟೆ ವಾಕ್, ಅಂದರೆ ಮೊದಲ ಬೇಸ್, ಕೊಟ್ಟರು. ಗೆದ್ದದ್ದು ಮೂರೇ ಪಂದ್ಯ. 1975ರಲ್ಲಿ ಆಟವನ್ನೇ ಬಿಟ್ಟರು. ಆ ವರ್ಷವೇ ರೋಜರ್ ಏಂಜೆಲ್ 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಬ್ಲಾಸ್ ಕುರಿತು ಬರೆದ ಪ್ರಬಂಧ ಇಂದಿಗೂ ಈ ವಿಷಯದ ಮೂಲ ಆಕರವಾಗಿ ಉಳಿದಿದೆ. ಅಲ್ಲಿಂದ ಮುಂದೆ ಆಟಗಾರರು ಈ ಬೇನೆಗೆ ಬ್ಲಾಸ್ ಹೆಸರನ್ನೇ ಇಟ್ಟರು. ಗುರಿ ಕೈಕೊಟ್ಟಾಗ ಬ್ಲಾಸ್‌ಗೆ 31 ವರ್ಷ. ಹೊಸ ವಿದ್ಯೆಯೊಂದನ್ನು ಮೊದಲಿನಿಂದ ಕಲಿಯುವ ಕಾಲ ಮೀರಿತ್ತು. ಅವರಿಗೂ ಆಂಕೀಲ್‌ಗೂ ಇದ್ದ ಆ ಹತ್ತು ವರ್ಷಗಳ ಅಂತರಕ್ಕೆ ಸಲ್ಲಬೇಕಾದ ಮಹತ್ವ ಇನ್ನೂ ಸಂದಿಲ್ಲವೆಂದು ನನಗನ್ನಿಸುತ್ತದೆ.

ಮೇಜರ್ ಲೀಗ್ ತಂಡಗಳ ಅಡಿಯಲ್ಲಿ ಹಲವು ಹಂತಗಳ ಮೈನರ್ ಲೀಗ್‌ಗಳಿವೆ. ಕೆಟ್ಟ ಫಾರ್ಮಿನ ಆಟಗಾರನನ್ನು ಒಂದೊಂದೇ ಮೆಟ್ಟಿಲು ಕೆಳಗಿಳಿಸುತ್ತಾರೆ. 2001ರಲ್ಲಿ ಆಂಕೀಲ್ ಈ ಮೆಟ್ಟಿಲುಗಳನ್ನು ತುದಿಯಿಂದ ಬುಡದವರೆಗೆ ಇಳಿದರು. ಆ ವರ್ಷದ ಮೊದಲ ಪಂದ್ಯಕ್ಕೆ ಮುನ್ನ ಭಯ ಕಳೆಯಲು ವೋಡ್ಕಾ ಕುಡಿದಿದ್ದಾಗಿ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆ ಪಂದ್ಯವನ್ನೇನೋ ಗೆದ್ದರು. ಆರು ಪಂದ್ಯಗಳ ನಂತರ ಮೈನರ್ ಲೀಗ್‌ನ ಮೆಂಫಿಸ್‌ಗೆ ಕಳುಹಿಸಿದರು. ಅಲ್ಲಿ ನಾಲ್ಕೂ ಚಿಲ್ಲರೆ ಇನಿಂಗ್ಸ್‌ಗಳಲ್ಲಿ 17 ವಾಕ್, 12 ವೈಲ್ಡ್ ಪಿಚ್. ಅಲ್ಲಿಂದ ತೀರಾ ಕೆಳಗಿನ ಹಂತಕ್ಕೆ, ಟೆನೆಸ್ಸಿಯ ಜಾನ್ಸನ್ ಸಿಟಿಗೆ. ವಿಚಿತ್ರವೆಂದರೆ ಹೊಸ ಹುಡುಗರೇ ಆಡುತ್ತಿದ್ದ ಆ ಊರಿನಲ್ಲಿ ಅವರ ಗುರಿ ಮರಳಿತು: 88ಕ್ಕೂ ಕಡಿಮೆ ಇನಿಂಗ್ಸ್‌ಗಳಲ್ಲಿ 158 ಸ್ಟ್ರೈಕ್‌ಔಟ್. ಅಷ್ಟೇ ಅಲ್ಲ, ಬ್ಯಾಟ್ ಹಿಡಿದು 10 ಹೋಮ್ ರನ್ ಸಹ ಹೊಡೆದರು. ಮುಂದಿನ ದಾರಿಯ ಸುಳಿವು ಈ ಅಂಕಿಯಲ್ಲೇ ಇತ್ತು, ಆದರೆ ಅದನ್ನು ನಂಬಲು ಇನ್ನೂ ನಾಲ್ಕು ವರ್ಷ ಹಿಡಿಯಿತು. ನಡುವೆ ಮೊಣಕೈ ಶಸ್ತ್ರಚಿಕಿತ್ಸೆಯೂ ಆಯಿತು. 2004ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್‌ಗೆ ಮರಳಿ 10 ಇನಿಂಗ್ಸ್ ಎಸೆದು ಒಂದೇ ವಾಕ್ ಕೊಟ್ಟರು.

ಎಲ್ಲರೂ ಇನ್ನು ಸರಿಹೋಯಿತು ಎಂದುಕೊಂಡಿದ್ದಾಗ, 2005ರ ಮಾರ್ಚ್ 9ರಂದು, ಪಿಚಿಂಗ್ ಬಿಟ್ಟು ಮೈದಾನದ ಆಳದಲ್ಲಿ ನಿಲ್ಲುವ ಔಟ್‌ಫೀಲ್ಡರ್ ಆಗುವುದಾಗಿ ಆಂಕೀಲ್ ಪ್ರಕಟಿಸಿದರು. ಇಡೀ ವೃತ್ತಿಜೀವನದಲ್ಲಿ ಅತ್ಯಂತ ಧೈರ್ಯದ ನಿರ್ಧಾರ ಇದೇ ಎಂಬುದು ನನ್ನ ಅಭಿಪ್ರಾಯ. ಸೋತಾಗ ಬಿಡುವುದು ಸುಲಭ. ಅವರು ಬಿಟ್ಟದ್ದು ಗುರಿ ಮರಳಿ ಸಿಕ್ಕಂತೆ ತೋರುತ್ತಿದ್ದಾಗ. ಹೊರಗಿನವರಿಗೆ ಕಾಣದ ಭಯ ಒಳಗೆ ಹಾಗೇ ಇತ್ತು.

ಮತ್ತೆ ಮೆಟ್ಟಿಲು ಹತ್ತುವ ಕೆಲಸ. 2006 ಪೂರ್ತಿ ಮಂಡಿನೋವಿಗೆ ಹೋಯಿತು. 2007ರಲ್ಲಿ, ಹಿಂದೆ ನಗೆಪಾಟಲಿಗೀಡಾದ ಅದೇ ಮೆಂಫಿಸ್‌ನಲ್ಲಿ 32 ಹೋಮ್ ರನ್ ಹೊಡೆದರು. ಆಗಸ್ಟ್ 9ರಂದು ಸೇಂಟ್ ಲೂಯಿಸ್‌ಗೆ ಕರೆ ಬಂತು. ಅಂದಿನ ಪಂದ್ಯದಲ್ಲೇ ಮೂರು ರನ್ ತಂದ ಹೋಮ್ ರನ್. ಈ ಏರಿಕೆಯೂ ನೇರವಾಗಿರಲಿಲ್ಲ. ಸೆಪ್ಟೆಂಬರ್ 6ರಂದು ಎರಡು ಹೋಮ್ ರನ್ ಬಾರಿಸಿ ಏಳು ರನ್ ತಂದುಕೊಟ್ಟರು. ಅದರ ಬೆನ್ನಿಗೇ, 2004ರಲ್ಲಿ ಅವರು ಬೆಳವಣಿಗೆಯ ಹಾರ್ಮೋನ್ ಪಡೆದಿದ್ದರೆಂಬ ಪತ್ರಿಕಾ ವರದಿ ಬಂತು. ಶಸ್ತ್ರಚಿಕಿತ್ಸೆಯ ನಂತರ ವೈದ್ಯರ ಸಲಹೆಯಂತೆ ತೆಗೆದುಕೊಂಡೆ ಎಂದರು. ಆಗಿನ್ನೂ ಬೇಸ್‌ಬಾಲ್ ಅದನ್ನು ನಿಷೇಧಿಸಿರಲಿಲ್ಲ, ಲೀಗ್ ಕ್ರಮ ಕೈಗೊಳ್ಳಲಿಲ್ಲ. ಆದರೆ ಆ ತಿಂಗಳ ಉಳಿದ ದಿನಗಳಲ್ಲಿ ಅವರ ಬ್ಯಾಟ್ ಮಂಕಾಯಿತು.

2008ರ ಮೇ 6ರ ಡೆನ್ವರ್ ಪಂದ್ಯವನ್ನು ಸಂಶೋಧಕರು ಅಕ್ಟೋಬರ್ 2000ದ ಪಕ್ಕದಲ್ಲಿಟ್ಟು ನೋಡಬೇಕು. ಮೈದಾನದ ಆಳದಿಂದ, 300 ಅಡಿಗೂ ಆಚೆಯಿಂದ, ಆಂಕೀಲ್ ಎರಡು ಬಾರಿ ಮೂರನೆಯ ಬೇಸ್‌ಗೆ ಚೆಂಡೆಸೆದರು. ನೆಲ ಮುಟ್ಟದೆ ಬಂದ ಆ ಎಸೆತಗಳಿಗೆ ಇಬ್ಬರು ಓಟಗಾರರು ಔಟಾದರು. ಅವರಲ್ಲೊಬ್ಬರು ಆ ಕಾಲದ ಅತಿವೇಗಿಗಳಲ್ಲಿ ಒಬ್ಬರಾದ ವಿಲ್ಲಿ ಟವೆರಾಸ್. ಅದೇ ತೋಳು, ಐದು ಪಟ್ಟು ದೂರ. ಓಡಿ ಬಂದು ಚೆಂಡು ಎತ್ತಿ ಎಸೆಯುವಾಗ ಯೋಚಿಸಲು ಹೊತ್ತಿಲ್ಲ. ದಿಬ್ಬದ ಮೇಲೆ ನಿಂತವನಿಗೆ ಪ್ರತಿ ಎಸೆತಕ್ಕೂ ಮುನ್ನ ಹೊತ್ತೇ ಹೊತ್ತು. ಕಾರಣವನ್ನು ಬಾಲ್ಯಕ್ಕೆ, ಹಿಂಸ್ರ ತಂದೆಯ ನೆರಳಿಗೆ ಜೋಡಿಸುವ ಎಳೆ ಅವರ 2017ರ ಆತ್ಮಕಥೆಯಲ್ಲಿದೆ. ಅಂಥ ಬಾಲ್ಯವಿದ್ದೂ ಗುರಿ ತಪ್ಪದ ಪಿಚರ್‌ಗಳಿರುವುದರಿಂದ ಅದೊಂದನ್ನೇ ಕಾರಣವಾಗಿಸಲು ನಾನು ಹಿಂಜರಿಯುತ್ತೇನೆ.

ಮುಂದೆ ಕಾನ್ಸಾಸ್ ಸಿಟಿ, ಅಟ್ಲಾಂಟಾ, ವಾಷಿಂಗ್ಟನ್, ಹ್ಯೂಸ್ಟನ್, ನ್ಯೂಯಾರ್ಕ್ ಹೀಗೆ ತಂಡಗಳು ಬದಲಾದವು. 2010ರ ಅಕ್ಟೋಬರ್‌ನಲ್ಲಿ ಅಟ್ಲಾಂಟಾ ಪರ ಆಡುತ್ತ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 11ನೆಯ ಇನಿಂಗ್ಸ್‌ನಲ್ಲಿ ಅವರು ಹೊಡೆದ ಚೆಂಡು ಕ್ರೀಡಾಂಗಣ ದಾಟಿ ಕೊಲ್ಲಿಯ ನೀರಿಗೆ ಬಿದ್ದು ಪಂದ್ಯ ಗೆಲ್ಲಿಸಿತು. 2014ರಲ್ಲಿ ನಿವೃತ್ತರಾದಾಗ ಲೆಕ್ಕದಲ್ಲಿದ್ದದ್ದು ಪಿಚರ್ ಆಗಿ 13 ಗೆಲುವು, ಬ್ಯಾಟರ್ ಆಗಿ 76 ಹೋಮ್ ರನ್. ಹತ್ತಕ್ಕೂ ಹೆಚ್ಚು ಗೆಲುವು, ಐವತ್ತಕ್ಕೂ ಹೆಚ್ಚು ಹೋಮ್ ರನ್ ಎರಡನ್ನೂ ಕಂಡವರಲ್ಲಿ ಅವರಿಗೆ ಮುಂಚಿನ ಕೊನೆಯವರು ಬೇಬ್ ರೂತ್. ಮರುವರ್ಷ ವಾಷಿಂಗ್ಟನ್ ನ್ಯಾಷನಲ್ಸ್ ತಂಡವು ಎಳೆಯ ಆಟಗಾರರಿಗೆ ಬದುಕಿನ ಬಗ್ಗೆ ತಿಳಿಹೇಳುವ ಹುದ್ದೆಗೆ ಅವರನ್ನು ನೇಮಿಸಿತು. 2018ರಲ್ಲಿ, 39ನೆಯ ವಯಸ್ಸಿನಲ್ಲಿ, ಮತ್ತೆ ಪಿಚರ್ ಆಗಿ ಮರಳುವ ಯತ್ನಕ್ಕೆ ಅವರು ಕೈಹಾಕಿದರು. ಆ ಸಲ ತಡೆದದ್ದು ಮನಸ್ಸಲ್ಲ, ಮೊಣಕೈ.