ಕೋಡಿಯಮಠದ ಪಂಕ್ತಿಯಲ್ಲಿ ಒಂದು ಮೇಳ: ಶಿಕಾರಿಪುರ 102ನೆಯ ಶಾಸನದ ಮರುಓದು

ನಾಡಿನ ಚರಿತ್ರೆಯನ್ನು ಹಾಡಿ ಕುಣಿದು ಜನರ ಮುಂದಿಡುವ ಪದ್ಧತಿಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಜೆ.ಎಫ್. ಫ್ಲೀಟನಿಂದ ಶುರುಮಾಡುತ್ತಾರೆ. 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅವನು ಅಚ್ಚು ಹಾಕಿಸಿದ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ಬಂಡಾಯವಿದೆ, ಹಲಗಲಿ ಬೇಡರ ದಂಗೆಯಿದೆ. ಅಚ್ಚಾದ ಮೊದಲ ಪಠ್ಯವೇ ಪರಂಪರೆಯ ಮೊದಲು ಎಂಬ ಈ ರೂಢಿಯನ್ನು ನಾನು ಒಪ್ಪಲಾರೆ. ಅದೇ ಪತ್ರಿಕೆಯಲ್ಲಿ, ಅದಕ್ಕೂ ಮೊದಲೇ, ಅದೇ ಫ್ಲೀಟ್ ಬಳ್ಳಿಗಾವಿಯ ಶಾಸನಗಳನ್ನು ಪ್ರಕಟಿಸಿದ್ದ. ಲಾವಣಿಯನ್ನು ಓದಿದವರು ಆ ಪುಟಗಳನ್ನು ತಿರುವಲಿಲ್ಲ, ಶಾಸನ ಓದಿದವರಿಗೆ ಲಾವಣಿ ಬೇಕಾಗಲಿಲ್ಲ.

ಇಲ್ಲಿ ನನ್ನ ಸಾಕ್ಷಿ ಒಂದೇ ವಾಕ್ಯ. ಅದು 1162ರ, ಕಳಚೂರಿ ಬಿಜ್ಜಳನ ಕಾಲದ ದತ್ತಿಶಾಸನದಲ್ಲಿದೆ. ‘ಎಪಿಗ್ರಾಫಿಯಾ ಕರ್ನಾಟಿಕಾ’ ಏಳನೆಯ ಸಂಪುಟದಲ್ಲಿ ಬಿ.ಎಲ್. ರೈಸ್ ಇದಕ್ಕೆ ಶಿಕಾರಿಪುರ 102 ಎಂಬ ಸಂಖ್ಯೆ ಕೊಟ್ಟಿದ್ದಾರೆ. ದಕ್ಷಿಣ ಕೇದಾರವೆನಿಸಿದ್ದ ಬಳ್ಳಿಗಾವಿಯ ಕೇದಾರೇಶ್ವರಕ್ಕೆ ಸೇರಿದ ಕಾಳಾಮುಖರ ಕೋಡಿಯಮಠ ಎಂಥ ಸ್ಥಾನವೆಂದು ಶಾಸನ ಒಂದೊಂದಾಗಿ ಹೇಳುತ್ತ ಹೋಗುತ್ತದೆ: ವೇದ, ಪಾಣಿನೀಯ ಮೊದಲಾದ ವ್ಯಾಕರಣ, ದರ್ಶನಗಳು, ಲಾಕುಲ ಸಿದ್ಧಾಂತ, ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಗಳನ್ನು ವಿವರಿಸುವ ಸ್ಥಾನ. ನಮ್ಮ ಭಾಷಣಕಾರರ ಉಲ್ಲೇಖ ಇಲ್ಲಿಗೇ ನಿಲ್ಲುತ್ತದೆ. ಬಳ್ಳಿಗಾವಿಗೆ ‘ವಿಶ್ವವಿದ್ಯಾಲಯ’ವೆಂಬ ಬಿರುದು ಕೊಟ್ಟು ಅವರು ಕೆಳಗೆ ಕೂರುತ್ತಾರೆ. (1972ರಲ್ಲಿ ಕಾಪಾಲಿಕ-ಕಾಳಾಮುಖರ ಬಗ್ಗೆ ಗ್ರಂಥ ಬರೆದ ಡೇವಿಡ್ ಲೊರೆಂಜನ್ನರನ್ನು ಈ ಗುಂಪಿಗೆ ಸೇರಿಸುವುದು ಅನ್ಯಾಯ. ಅವರ ವಿಷಯವೇ ಆ ಪಂಥ, ನಟ-ಗಾಯಕರಲ್ಲ.)

ಶಾಸನ ಮಾತ್ರ ಮುಂದುವರಿಯುತ್ತದೆ. ಮಠವು ಅನ್ನದಾನದ ಸ್ಥಾನವೂ ಹೌದು. ಉಣ್ಣುವವರ ಸಾಲಿನಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಮೊದಲಿಗರು. ಅವರ ಬೆನ್ನಿಗೇ ಕಥಕ, ಗಾಯಕ, ವಾದಕ, ವಾಂಶಿಕ, ನರ್ತಕ, ವೈತಾಳಿಕರು. ಆಮೇಲೆ ಬೆತ್ತಲೆಯವರು, ಊನಗೊಂಡವರು, ಕ್ಷಪಣಕರು. ಕೊನೆಗೆ ಏಕದಂಡಿ, ತ್ರಿದಂಡಿ, ಹಂಸ, ಪರಮಹಂಸರು. ಇವರೆಲ್ಲರನ್ನೂ ಒಂದೇ ಸಮಾಸದಲ್ಲಿ ಸೇರಿಸಿ ನಾನಾ ದೇಶಗಳ ಭಿಕ್ಷುಕರು ಎಂದು ಕರೆದು ವಾಕ್ಯ ಮುಗಿಯುತ್ತದೆ.

ಈ ಕೊನೆಯ ಪದವನ್ನು ಹಿಡಿದು, ಕಲಾವಿದರಿಗೆ ಇಲ್ಲಿ ಸಿಕ್ಕಿದ್ದು ತಿರುಪೆಯ ಅನ್ನ, ಇದರಲ್ಲಿ ರಂಗಭೂಮಿಯ ಇತಿಹಾಸ ಹುಡುಕುವುದು ವ್ಯರ್ಥ ಎಂದು ವಾದಿಸಬಹುದು. ವ್ಯಾಕರಣ ಹಾಗೆ ವಾದಿಸುವವರ ಪಕ್ಷಕ್ಕಿರುವಂತೆ ಕಾಣುತ್ತದೆ. ಆದರೆ ಅದೇ ಸಮಾಸದೊಳಗೆ ಪರಮಹಂಸರೂ ಇದ್ದಾರಲ್ಲ! ಅವರನ್ನು ಗತಿಗೆಟ್ಟವರೆಂದು ಯಾರೂ ಹೇಳುವುದಿಲ್ಲ. ಮಠದ ಅಡುಗೆಮನೆಯ ಕಣ್ಣಿಗೆ ಭಿಕ್ಷುಕರೆಂದರೆ ಹೊರನಾಡಿನಿಂದ ನಡೆದು ಬಂದು, ಬೇಯಿಸಿಕೊಳ್ಳಲು ಸ್ವಂತ ಒಲೆಯಿಲ್ಲದವರು. ಊರೂರು ತಿರುಗುವ ಕಲಾವಿದರು ಅಂಥವರೇ.

ಇನ್ನು ಪಟ್ಟಿಯ ಅನುಕ್ರಮ. ಅಂಗವಿಕಲರು ಒಂದೆಡೆ ಸೇರಿದ್ದಾರೆ. ಸಂನ್ಯಾಸಿಗಳು ಒಂದೆಡೆ ಸೇರಿರುವುದಷ್ಟೇ ಅಲ್ಲ, ಏಕದಂಡಿಯಿಂದ ಪರಮಹಂಸರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದಾರೆ. ನಗ್ನ, ಭಗ್ನ ಎಂಬ ಜೋಡಿ ಪ್ರಾಸದ ಆಸೆಗೆ ನಡುವೆ ನುಸುಳಿದೆ, ನಿಜ. ಉಳಿದಂತೆ ಶಾಸನಕವಿ ಗುಂಪು ಬೆರೆಸಿಲ್ಲ. ಅಂದ ಮೇಲೆ ನಡುವಿನ ಆರು ಮಂದಿಯ ಸಾಲನ್ನು ಮಾತ್ರ ಯದ್ವಾತದ್ವಾ ಎನ್ನಲು ಆಧಾರವೇನು? ಕಥೆ ಹೇಳುವವನು ಮುಂದೆ, ಹಾಡುವವನು, ನುಡಿಸುವವನು, ಕೊಳಲೂದುವವನು, ಕುಣಿಯುವವನು, ಕೊನೆಗೆ ಅರಸನ ಕೀರ್ತಿಯನ್ನು ಎತ್ತಿ ಹೇಳುವ ವೈತಾಳಿಕ. ಹಿಮ್ಮೇಳ ಮುಮ್ಮೇಳ ಕೂಡಿದ ಯಕ್ಷಗಾನದ ಮೇಳವನ್ನು ಬಲ್ಲ ಮಲೆನಾಡಿನ ಓದುಗರಿಗೆ ಈ ಸಾಲು ಅಪರಿಚಿತವಾಗಿ ಕಾಣದು.

ವಾಂಶಿಕನೆಂದರೆ ವಂಶಾವಳಿ ಹಾಡುವವನು ಎಂದು ಓದುವ ಆಸೆ ಯಾರಿಗಾದರೂ ಹುಟ್ಟೀತು. ಹಾಗೆ ಓದಿದರೆ ನನ್ನ ವಾದಕ್ಕೇ ದೊಡ್ಡ ಲಾಭ. ಆದರೂ ಅದು ತಪ್ಪು ಓದು. ವಾದಕನಿಗೂ ನರ್ತಕನಿಗೂ ನಡುವೆ ನಿಂತವನು ಬಿದಿರಿನ ಕೊಳಲಿನವನೇ. ಚರಿತ್ರೆಯ ಭಾರ ಹೊರುವವರು ಸಾಲಿನ ಎರಡು ತುದಿಗಳಲ್ಲಿದ್ದಾರೆ: ಕಥಕ ಮತ್ತು ವೈತಾಳಿಕ.

ಇವರು ಹಾಡಿದ್ದು ಬರೀ ದೇವರ ಸ್ತುತಿಯಿರಬೇಕು ಎಂಬ ಆಕ್ಷೇಪಕ್ಕೆ ‘ಮಾನಸೋಲ್ಲಾಸ’ದಲ್ಲಿ ಉತ್ತರವಿದೆ. ಈ ಶಾಸನಕ್ಕಿಂತ ಕೆಲವೇ ದಶಕ ಹಿಂದೆ, ಬಳ್ಳಿಗಾವಿಯನ್ನೂ ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಬರೆಸಿದ ಗ್ರಂಥ ಅದು. ಯಾವ ಹಾಡು ಯಾವ ಸಂದರ್ಭಕ್ಕೆ ಎಂದು ಅದು ವಿಂಗಡಿಸುತ್ತದೆ: ಮದುವೆಗೆ ಧವಳ, ಉತ್ಸವಕ್ಕೆ ಮಂಗಳ, ಯೋಗಿಗಳಿಗೆ ಚರ್ಯೆ, ಕಥೆಗೆ ಷಟ್ಪದಿ. ರಾಘವಾಂಕ ಷಟ್ಪದಿಯನ್ನು ಮಹಾಕಾವ್ಯದ ಛಂದಸ್ಸಾಗಿಸುವ ಮೊದಲೇ ಅದು ಕಥೆ ಹಾಡುವವರ ಸೊತ್ತಾಗಿತ್ತು. ಅದೇ ಕಾಲದಲ್ಲಿ ಆಸ್ಥಾನದ ಕವಿಗಳು ಅರಸರ ಗೆಲುವನ್ನು ಚಂಪುವಿನಲ್ಲಿ ಕಟ್ಟಿ ಕಲ್ಲಿಗೆ ಕೊಡುತ್ತಿದ್ದರು. ಬಳ್ಳಿಗಾವಿಯ ಶಾಸನಗಳ ಮೊದಲರ್ಧ ಬಹುಮಟ್ಟಿಗೆ ಇಂಥ ವಂಶಪ್ರಶಸ್ತಿಯೇ. ಅಕ್ಷರ ಬಾರದ ಸಂತೆಯ ಜನರಿಗೆ ಅದೇ ಚರಿತ್ರೆಯನ್ನು ಮುಟ್ಟಿಸಿದವರು ಕಲ್ಲುಕುಟಿಗರಲ್ಲ, ಈ ಮೇಳದವರು ಎಂಬುದು ನನ್ನ ತೀರ್ಮಾನ.

ಅಲ್ಲಮನ ಕಥೆಯನ್ನು ಇಲ್ಲಿ ಪುರಾವೆಯಾಗಿ ಒಡ್ಡುವವರ ಜೊತೆ ನಾನಿಲ್ಲ. ಹರಿಹರನ ರಗಳೆಯಲ್ಲಿ ಬಳ್ಳಿಗಾವಿಯ ಅಲ್ಲಮ ಮದ್ದಳೆಗಾರ. ಚಾಮರಸ ಅವನ ಮದ್ದಳೆಯನ್ನು ಬನವಾಸಿಗೆ ಒಯ್ಯುತ್ತಾನೆ. ಎರಡೂ ಕಾವ್ಯಗಳೇ. ಆದರೂ ಈ ಸೀಮೆಯನ್ನು ನೆನೆದಾಗ ಹರಿಹರನಿಗೆ ವಾದ್ಯದ ಸದ್ದು ಕೇಳಿಸಿತು ಎಂಬಷ್ಟನ್ನು ಒಪ್ಪಲು ಅಡ್ಡಿಯಿಲ್ಲ.

ಶಿಕಾರಿಪುರ 102 ಮೇಳವೊಂದರ ಅಂಗಗಳನ್ನು ಹೆಸರಿಟ್ಟು ಹೇಳುವ ಸಾಕ್ಷಿ. ಅದು ಫ್ಲೀಟನ ಲಾವಣಿಗಳು ಅಚ್ಚಾಗತೊಡಗಿದ್ದಕ್ಕಿಂತ 723 ವರ್ಷ ಹಿಂದಿನದು. ಕೋಡಿಯಮಠದ ಬಗ್ಗೆ ಪಠ್ಯ, ಕೈಪಿಡಿ, ಸ್ಮರಣ ಸಂಚಿಕೆ ಸಿದ್ಧಪಡಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಶಾಸ್ತ್ರಗಳ ಪಟ್ಟಿಗೆ ಉಲ್ಲೇಖ ನಿಲ್ಲಿಸಬೇಡಿ, ಅನ್ನದಾನದ ವಾಕ್ಯವನ್ನೂ ಪೂರ್ತಿ ಅಚ್ಚು ಹಾಕಿ.