ವಿನ್ ಸಾಂತೊ: ಒಂದು ಹೆಸರಿನ ಇತಿಹಾಸ

ಇಟಲಿಯ ತಸ್ಕನಿ ಸೀಮೆಯಲ್ಲಿ ತಲತಲಾಂತರದಿಂದ ಸಿದ್ಧವಾಗುತ್ತ ಬಂದಿರುವ ಸಿಹಿಯಾದ ಬಿಳಿ ದ್ರಾಕ್ಷಾರಸಕ್ಕೆ ‘ವಿನ್ ಸಾಂತೊ’ ಎಂದು ಹೆಸರು. ‘ಪವಿತ್ರ ದ್ರಾಕ್ಷಾರಸ’ ಎಂದು ಅದರ ಅರ್ಥ. ಈ ಹೆಸರಿನ ಮೂಲವನ್ನು ವಿಚಾರಿಸಹೊರಟರೆ ಧರ್ಮಸಭೆಯ ಚರಿತ್ರೆಯ ನೋವಿನ ಅಧ್ಯಾಯವೊಂದು ನಮ್ಮೆದುರು ತೆರೆದುಕೊಳ್ಳುತ್ತದೆ.

ಮೊದಲು ಅದರ ತಯಾರಿಕೆಯ ಕ್ರಮ. ತ್ರೆಬ್ಬಿಯಾನೊ, ಮಾಲ್ವಾಸಿಯಾ ಜಾತಿಯ ದ್ರಾಕ್ಷಿಗೊಂಚಲುಗಳನ್ನು ಗಾಳಿಯಾಡುವ ಕೋಣೆಗಳಲ್ಲಿ ಚಾಪೆಯ ಮೇಲೆ ಹರಡುವರು, ಇಲ್ಲವೆ ತೊಲೆಗಳಿಂದ ತೂಗುಬಿಡುವರು. ಕೆಲವು ತಿಂಗಳುಗಳಲ್ಲಿ ನೀರಿನಂಶ ಆರಿ ಸಿಹಿ ಗಟ್ಟಿಗೊಳ್ಳುತ್ತದೆ. ಬಳಿಕ ಹಿಂಡಿದ ರಸವನ್ನು ಮರದ ಚಿಕ್ಕ ಪೀಪಾಯಿಗಳಲ್ಲಿ ತುಂಬಿ, ಬಾಯಿ ಮುಚ್ಚಿ, ಅಟ್ಟದಲ್ಲಿ ಮೂರು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಇಡುವರು. ಬೇಸಿಗೆಯ ಕಾವಿಗೆ ರಸ ಹುದುಗುತ್ತದೆ; ಚಳಿಗೆ ಸುಮ್ಮನಾಗುತ್ತದೆ. ಈ ಸಾಂಪ್ರದಾಯಿಕ ಕ್ರಮದಲ್ಲಿ ಸಕ್ಕರೆ ಬೆರೆಸುವುದಿಲ್ಲ. ಬಲಿಪೂಜೆಯ ದ್ರಾಕ್ಷಾರಸವು ದ್ರಾಕ್ಷಿಯದೇ ಸಹಜ ರಸವಾಗಿರಬೇಕು, ಕೆಟ್ಟಿರಬಾರದು ಎಂಬುದು ಧರ್ಮಸಭೆಯ ನಿಯಮ. 1983ರ ಧರ್ಮಸಂಹಿತೆಯ 924ನೆಯ ವಿಧಿಯೂ ಇದನ್ನೇ ಹೇಳುತ್ತದೆ. ಆದುದರಿಂದ ಪೂಜಾಪಾತ್ರೆಗೆ ಈ ರಸ ಯೋಗ್ಯವೆನಿಸಿತು. ಹೆಸರಿಗೆ ಇದೇ ಕಾರಣವೆಂಬುದು ಸರಳವಾದ ಊಹೆ.

ಐತಿಹ್ಯಗಳು ಬೇರೆಯೇ ಹೇಳುತ್ತವೆ. 1348ರ ಮಹಾಮಾರಿಯ ಕಾಲದಲ್ಲಿ ಸಿಯೆನಾದ ಸನ್ಯಾಸಿಯೊಬ್ಬರು ಪೂಜೆಯಲ್ಲಿ ಉಳಿದ ರಸವನ್ನು ರೋಗಿಗಳಿಗೆ ಕುಡಿಸಿದರಂತೆ. ಗುಣ ಕಂಡ ಜನ ಅದನ್ನು ‘ಪವಿತ್ರ’ ಎಂದರಂತೆ. ಇನ್ನೊಂದು ಐತಿಹ್ಯ ಫ್ಲಾರೆನ್ಸಿನ ಮಹಾಸಭೆಯದು. ಅಲ್ಲಿಗೆ ಬಂದಿದ್ದ ಗ್ರೀಕ್ ಧರ್ಮಾಧ್ಯಕ್ಷ ಬೆಸ್ಸಾರಿಯೋನ್ ಈ ರಸವನ್ನು ಸವಿದು ‘ಕ್ಸಾಂಥೋಸ್’ ಎಂದರಂತೆ; ಸುತ್ತಲಿನವರ ಕಿವಿಗೆ ಅದು ‘ಸಾಂತೊ’ ಎಂದು ಕೇಳಿಸಿತಂತೆ.

ಇವೆರಡೂ ಕಥೆಗಳೇ ಸರಿ. ಮಹಾಸಭೆ ಮಾತ್ರ ಕಥೆಯಲ್ಲ. ಪೂಜೆಯ ರೊಟ್ಟಿ ಹುಳಿಹಿಟ್ಟಿನದಾಗಿರಬೇಕೋ ಹುಳಿಯಿಲ್ಲದ್ದಾಗಿರಬೇಕೋ ಎಂಬುದೂ ಅಲ್ಲಿ ವಾದದ ವಿಷಯವಾಗಿತ್ತು. ಎರಡೂ ಸಲ್ಲುತ್ತದೆಂದು ಒಪ್ಪಿ, 1439ರ ಜುಲೈ 6ರಂದು ಪೂರ್ವ ಪಶ್ಚಿಮ ಸಭೆಗಳ ಐಕ್ಯವನ್ನು ಸಾರಲಾಯಿತು. ಆದರೆ ಕಾನ್‌ಸ್ಟಾಂಟಿನೋಪಲಿನ ಜನಸಾಮಾನ್ಯರು ಅದನ್ನು ಒಪ್ಪಲಿಲ್ಲ. 1453ರಲ್ಲಿ ಆ ನಗರವೇ ತುರ್ಕರ ವಶವಾಯಿತು. ಕಾರ್ಡಿನಲ್ ಪದವಿ ಪಡೆದ ಬೆಸ್ಸಾರಿಯೋನ್ ಇಟಲಿಯಲ್ಲೇ ನೆಲೆಸಿ, 1468ರಲ್ಲಿ ತಮ್ಮ ಗ್ರಂಥಭಂಡಾರವನ್ನು ವೆನಿಸ್ ನಗರಕ್ಕೆ ಒಪ್ಪಿಸಿದರು.

ತಪ್ಪಾಗಿ ಕೇಳಿಸಿತೆನ್ನುವ ಒಂದು ಪದ ಜನರ ನಾಲಗೆಯಲ್ಲಿ ಉಳಿಯಿತು. ಪಂಡಿತರು ತೂಗಿ ಬರೆದ ಐಕ್ಯಪತ್ರ ಉಳಿಯಲಿಲ್ಲ. ಮೇಲಿನವರು ಸಹಿ ಹಾಕಿದ ಮಾತ್ರಕ್ಕೆ ಹೃದಯಗಳು ಕೂಡುವುದಿಲ್ಲ. 1965ರ ಡಿಸೆಂಬರ್ 7ರಂದು ಜಗದ್ಗುರು ಆರನೆಯ ಪೌಲರೂ ಪಿತಾಮಹ ಅಥೆನಾಗೋರಸರೂ 1054ರ ಪರಸ್ಪರ ಬಹಿಷ್ಕಾರಗಳನ್ನು ಮರವೆಗೆ ಒಪ್ಪಿಸಿದರು. ಆದರೂ ಒಂದೇ ಪಾತ್ರೆಯಿಂದ ಕುಡಿಯುವ ದಿನ ಇನ್ನೂ ಬಂದಿಲ್ಲ. ಅಟ್ಟದ ಪೀಪಾಯಿಯನ್ನು ಅವಧಿಗೆ ಮುನ್ನ ತೆರೆಯಲಾಗದು. ಹಾಗೆಂದು ದ್ರಾಕ್ಷಿ ಕೊಯ್ಯದೆ, ಹಿಂಡದೆ, ತುಂಬದೆ ಕುಳಿತವನಿಗೆ ಕಾಯುವ ಹಕ್ಕೂ ಇಲ್ಲ.